ನೂರುಲ್ಲಾನ ಕಿವಿ

ನೂರುಲ್ಲಾ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಪಕ್ಕಾ ಆಗಿದೆ ಜಯಣ್ಣ. ಒಂಚೂರೂ ಸದ್ದಿಲ್ಲ" ಎಂದ.

ಬಿದ್ದ ಸ್ಕ್ರೂ ಹುಡುಕುತ್ತ ಮೇಜಿನಡಿ ಕೂತಿದ್ದ ಜಯಸಿಂಹ ಸಂತೋಷದಿಂದ ಎದ್ದು, ತನ್ನ ಕಡೆಗೆ ತಿರುಗಿದ್ದ ಸದ್ದಳೆಯುವ ಮೀಟರ್ ನೋಡಿದ. ಮುಳ್ಳು ಅರ್ಧಕ್ಕಿಂತ ಮೇಲೇರಿ ನಿಂತಿತ್ತು. ಹೆಡ್‌ಫೋನನ್ನು ತನ್ನ ಕಿವಿಗೆ ಹಚ್ಚಿಕೊಂಡ. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಂತೆ ಗುಂಯ್ ಎನ್ನುತ್ತಿತ್ತು.

ಯಶವಂತಪುರದ ಆ ಬಾಡಿಗೆ ಶೆಡ್ಡಿನಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಆಂಪ್ಲಿಫೈಯರ್ ಪರೀಕ್ಷಿಸುವ ಯಂತ್ರಗಳನ್ನು ಮಾಡುತ್ತಿದ್ದರು. ಲೆಕ್ಕಾಚಾರ, ಬೆಸುಗೆ ಜಯಸಿಂಹನದು, ಕೇಳುವುದು ನೂರುಲ್ಲಾನದು. ಅವನು ಕೇಳಿ ಸಹಿ ಹಾಕದೆ ಒಂದು ಪೆಟ್ಟಿಗೆಯೂ ಹೊರಗೆ ಹೋದದ್ದಿಲ್ಲ. ಈ ಸಲದ್ದು ಹೊಸ ಇನ್‌ಪುಟ್, ಸಿಗ್ನಲ್ ಒಳಬರುವ ಭಾಗ. ಎರಡು ತಂತಿಗಳಿಗೂ ಸಮನಾಗಿ ನುಸುಳುವ ಕರೆಂಟಿನ ಸದ್ದನ್ನು ಒಂದರಿಂದ ಇನ್ನೊಂದನ್ನು ಕಳೆದು ಅಳಿಸಿಹಾಕುವುದು ಅದರ ಕೆಲಸ. ಅದಕ್ಕಾಗಿ ಜಯಸಿಂಹ ಇನ್ನೂರು ರೆಸಿಸ್ಟರುಗಳನ್ನು ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಾಲ್ಕನ್ನು ಆರಿಸಿದ್ದ.

ಈಗ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಮತ್ತೆ ಕೂಡಿಸಿದ. ಮುಳ್ಳು ಸೊನ್ನೆಗೆ ಇಳಿಯಿತು. ಹೆಡ್‌ಫೋನನ್ನು ನೂರುಲ್ಲಾನಿಗೆ ಕೊಟ್ಟು, ಮೊದಲಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ.

ನೂರುಲ್ಲಾ ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ ಅದನ್ನು ಕತ್ತಿಗಿಳಿಸಿ ತಲೆ ತಗ್ಗಿಸಿದ.

ಎಂಟು ತಿಂಗಳಾಗಿತ್ತಂತೆ. ಎರಡೂ ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದು. ಹೊರಗಿನದು ಯಾವುದು, ತನ್ನದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಹೆಬ್ಬಾಳದ ಕಿವಿ ಡಾಕ್ಟರು ಇದು ಹೋಗುವುದಿಲ್ಲ, ಒಗ್ಗಿಕೊಳ್ಳಿ ಎಂದಿದ್ದರು. ಹೆಂಡತಿ ಖುರ್ಷೀದ್‌ಗೂ ಹೇಳಿರಲಿಲ್ಲ.

"ಮತ್ತೆ ಇಷ್ಟು ದಿನ ಹೆಂಗೆ ಹೇಳ್ತಿದ್ದೆ ನೂರು?"

"ನಿನ್ ಮುಖ ನೋಡ್ಕೊಂಡು. ಮೀಟರ್ ನಿನ್ ಕಡೆಗೆ ತಿರುಗಿರುತ್ತೆ, ಸರಿಯಿಲ್ಲ ಅಂದ್ರೆ ಅದನ್ನ ನೋಡಿ ನಿನ್ ಹುಬ್ಬು ಗಂಟಾಗುತ್ತೆ. ಇವತ್ತು ನೀನು ಕೆಳಗೆ ಕೂತಿದ್ದೆ."

ಯಾಕೆ ಹೇಳಲಿಲ್ಲ ಎಂದು ಜಯಸಿಂಹ ಕೇಳಲಿಲ್ಲ. ಕಿವಿಯೂ ಇಲ್ಲದಿದ್ದರೆ ಇಲ್ಲಿ ನನಗೇನು ಕೆಲಸ ಎಂಬ ಉತ್ತರ ಅವನಿಗೆ ಗೊತ್ತಿತ್ತು. ಎಂಟು ತಿಂಗಳು ಈ ಮನುಷ್ಯ ಎದುರಿಗೆ ಕೂತು ತನ್ನ ಹುಬ್ಬನ್ನೇ ಕಾಯುತ್ತಿದ್ದನಲ್ಲ ಎಂದುಕೊಂಡ.

ನೂರುಲ್ಲಾ ಟೆಸ್ಟ್ ಶೀಟನ್ನು ಅವನತ್ತ ಸರಿಸಿ, ಇನ್ನು ಮೇಲೆ ನೀನೇ ಸಹಿ ಹಾಕು ಎಂದ. ಜಯಸಿಂಹ ಹೆಡ್‌ಫೋನ್ ಹಾಕಿಕೊಂಡ. ಒಳಗೆ ಏನೂ ಇರಲಿಲ್ಲ. ಅಷ್ಟು ಶುದ್ಧವಾದ ನಿಶ್ಶಬ್ದವನ್ನು ಅವರಿಬ್ಬರೂ ಇದುವರೆಗೆ ಮಾಡಿರಲಿಲ್ಲ.

"ಹೆಂಗಿದೆ ಜಯಣ್ಣ?" ನೂರುಲ್ಲಾ ಕೇಳಿದ. "ಏನೂ ಕೇಳಿಸ್ದೇ ಇರೋದು ಹೆಂಗಿರುತ್ತೆ ಅಂತಾನೇ ನಂಗೆ ಮರ್ತೋಗಿದೆ."

ಜಯಸಿಂಹನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸದವನಂತೆ ಹೆಡ್‌ಫೋನ್ ತೆಗೆಯದೆ ಕೂತ.