ಅದಬ್ ಅಂದ್ರ

ಶಹಾಬಾದ್ ಕಲ್ಲಿನ ನೆಲ ಒರೆಸಿದ ವಾಸನೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ಮೇಲೇಳುತ್ತದೆ.

ಪಕ್ಕದ ಮನೆಯ ನಸೀಮಾಳನ್ನು ತೋರಿಸಿ ಅವ್ವ, "ಆಕೀನ್ನ ನೋಡಿ ಕಲಿ" ಎನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ನಸೀಮಾಳ ಅಜ್ಜ ಆಗಷ್ಟೇ ಒರೆಸಿದ ನೆಲದ ಮೇಲೆ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳುತ್ತಿದ್ದರು: "ಅದಬ್ ಅಂದ್ರ ಮರ್ಯಾದಿ ಅಂತೀವಲ್ಲ, ಅದು. ಅರಬ್ಬಿಯೊಳಗ ಮೊದಲ ಮಂದೀನ್ನ ಊಟಕ್ಕ ಕರಿಯೋದಕ್ಕ ಹಂಗಂತಿದ್ರಂತ."

ಕಲ್ಲಿನ ಸಂದಿಯಿಂದ ಹೊರಟ ಚೇಳು ನಸೀಮಾಳ ಪಾದದತ್ತ ಹರಿಯಿತು. ಅವಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ನಾನು ಕಂಡೂ, ಅವಳೇ ಚೀರಿ ಬೈಸಿಕೊಳ್ಳಲಿ ಎಂದು ಸುಮ್ಮನೆ ಕುಳಿತೆ.

ಇನ್ನೇನು ಅವಳ ಬೆರಳಿಗೆ ತಾಗಬೇಕು, ಅಷ್ಟರಲ್ಲಿ ಅಜ್ಜ ಚಪ್ಪಲಿಯಿಂದ ಜಜ್ಜಿದರು. "ನೀ ನೋಡಲಿಲ್ಲೇನ್ ಬೇಟಿ?" ಎಂದು ನನ್ನನ್ನು ಕೇಳಿದರು.

"ನೀವು ಮಾತಾಡ್ಲಿಕತ್ತಿದ್ರಿ ದಾದಾ, ಅದಕ್ಕ ಸುಮ್ನ ಕುಂತಾಳ" ಎಂದು ನಸೀಮಾ ಪಾದ ಹಿಂದಕ್ಕೆ ಎಳೆದುಕೊಳ್ಳುತ್ತ ಹೇಳಿದಳು.

ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು ಆಗ ಇನ್ನೂ ಹೆಚ್ಚಾಯಿತು.