ತಲೆ ಒರಗಿದ ಜಾಗ

"ಅಲ್ಲಿ ಮುಟ್ಟಬೇಡಿ," ಎನ್ನುತ್ತ ಅವಳು ಅಡುಗೆಮನೆಯಿಂದ ಓಡಿಬಂದಳು. ಪೇಂಟರ್ ಹಜಾರದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕೆರೆಯುವ ತಗಡನ್ನು ಗೋಡೆಗೆ ಇಟ್ಟಾಗಿತ್ತು. ಅವನ ಮುಂದೆ, ನೆಲಕ್ಕೆ ಕೂತವರ ತಲೆ ತಾಗುವ ಎತ್ತರದಲ್ಲಿ, ಅಂಗೈ ಅಗಲದ ಜಿಡ್ಡಿನ ಕಲೆ.

"ಏನಕ್ಕಾ, ಇದನ್ನ ಬಿಟ್ಟು ಇನ್ನೇನು ಕೆರೆಯೋದು? ಈ ಮನೇಲಿ ನೋಡೋಕಾಗದೆ ಇರೋದು ಬೇಕಾದಷ್ಟಿದೆ, ಆದ್ರೆ ಇದಕ್ಕೆ ಮೊದಲನೇ ನಂಬರು. ತಲೆ ಎಣ್ಣೆ ಇದು. ಎಷ್ಟು ಬಣ್ಣ ಬಳಿದ್ರೂ ಕೆಳಗಿಂದ ಎದ್ದು ಬರುತ್ತೆ. ಕೆತ್ತಿ ತೆಗೆದು ಹೊಸ ಗಾರೆ ಮೆತ್ತಬೇಕು."

"ಗಾರೆಗೆಲ್ಲ ದುಡ್ಡಿಲ್ಲಪ್ಪ. ಸುತ್ತ ಬಣ್ಣ ಹೊಡೆದು ಅದೊಂದನ್ನ ಹಾಗೇ ಬಿಡಿ."

ಪೇಂಟರ್ ನಂಬಿದ. ದುಡ್ಡಿಲ್ಲ ಎಂದರೆ ಯಾರಾದರೂ ನಂಬುವಂತೆಯೇ ಇತ್ತು ಆ ಮನೆ. ಮುಂಭಾಗಕ್ಕೆ ಚಾಚಿಕೊಂಡ ತುಕ್ಕು ಹಿಡಿದ ತಗಡು, ಬೆಳಕು ಬರಬಾರದೆಂದೇ ಇಟ್ಟಂತಿದ್ದ ಪುಟ್ಟ ಕಿಟಕಿಗಳು, ಕೊಳೆ ಕಾಣದಿರಲೆಂದು ಹೊರಗೋಡೆಗೆ ಎದೆಮಟ್ಟಕ್ಕೆ ಬಳಿದ ಕಂದು ಆಯಿಲ್ ಪೇಂಟು. ಬೀದಿಯವರ ಬಾಯಲ್ಲಿ ಅದರ ಹೆಸರು ಬೆಂಕಿಪೊಟ್ಟಣ. ಈ ಸಲ ಕೈಯಲ್ಲಿದ್ದ ಹಣ ಒಳಗಿನ ಎರಡು ಕೋಣೆಗಳ ಬಣ್ಣಕ್ಕಷ್ಟೇ ಸರಿಹೋಗುತ್ತಿತ್ತು. ಕೂಲಿ ಉಳಿಯಲೆಂದು ಅವಳೂ ಹುಡುಗಿಯೂ ವಾರದಿಂದ ಉಪ್ಪುಕಾಗದ ಹಿಡಿದು ತಾವೇ ಗೋಡೆ ಉಜ್ಜಿದ್ದರು, ಬೆನ್ನಿಗೆ ಬೆನ್ನು ಹಾಕಿಕೊಂಡು, ಮಾತಿಲ್ಲದೆ. ಈ ಮೂಲೆಯನ್ನು ಮಾತ್ರ ಅವಳು ಪೇಂಟರ್ ನೋಡಿಕೊಳ್ಳಲಿ ಎಂದು ತೇಲಿಸಿಬಿಟ್ಟಿದ್ದಳು.

ಹುಡುಗಿ ಅವಳ ಗಂಡನ ಮಗಳು. ನಲವತ್ತು ದಾಟಿದ ಮೇಲೆ, ಹೆಂಡತಿಯನ್ನು ಕಳೆದುಕೊಂಡ ಬಸ್ ಡ್ರೈವರೊಬ್ಬನ ಕೈಹಿಡಿದು ಅವಳು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗಿ ಒಂದು ದಿನವೂ ಎದುರಾಡಿದವಳಲ್ಲ, ಮುಖ ಊದಿಸಿಕೊಂಡವಳಲ್ಲ. ಆದರೆ ಕೌಂಟರಿನ ಆಚೆ ಕೂತವರ ಜೊತೆ ಮಾತಾಡಿದಂತೆ, ಬೇಕಾದಷ್ಟೇ ಮಾತು. "ಗೋಡೆಗೆ ಯಾವ ಬಣ್ಣ ಹೊಡೆಸೋಣ?" ಎಂದು ಕೇಳಿದರೆ, "ನಿಮಗೆ ಯಾವುದು ಇಷ್ಟಾನೋ ಅದು." ಅಮ್ಮ ಎಂದಾಗಲಿ, ಚಿಕ್ಕಮ್ಮ ಎಂದಾಗಲಿ, ಬಾಯಿ ಬಿಟ್ಟು ಕರೆದದ್ದಿಲ್ಲ.

ಅವಳೂ ಅವಸರಪಡಲಿಲ್ಲ. ಅಣ್ಣನ ಮನೆಯ ಮೂಲೆಯೊಂದರಲ್ಲಿ ಅರ್ಧ ಆಯಸ್ಸು ಕಳೆದವಳಿಗೆ ಇನ್ನೊಬ್ಬರ ಜಾಗ ತುಳಿಯದೆ ಓಡಾಡುವುದು ಕರಗತವಾಗಿತ್ತು. ಈ ಕಲೆಯನ್ನು ಕಂಡ ಮೊದಲ ದಿನವೇ ಅದು ಯಾರದೆಂದು ಅವಳಿಗೆ ಹೊಳೆದುಹೋಗಿತ್ತು. ಹಾರ ಹಾಕಿದ ಫೋಟೋದಲ್ಲಿದ್ದ ಆ ತುಂಬುಗೂದಲಿನ ಹೆಂಗಸು, ಹುಡುಗಿಯ ಹೆತ್ತಮ್ಮ, ಕೆಲಸವೆಲ್ಲ ಮುಗಿಸಿ ಇಲ್ಲಿ ತಲೆ ಒರಗಿಸುತ್ತಿದ್ದಳು. ಇಲ್ಲೇ ಕೂತು ಮಗಳ ಜಡೆ ಹೆಣೆಯುತ್ತಿದ್ದಳು. ಅಂದಿನಿಂದ ಇವಳು ಆ ಗೋಡೆಗೆ ಬೆನ್ನು ತಾಗಿಸಿದವಳಲ್ಲ. ನಿನ್ನ ಜಾಗ ನಿನಗಿರಲಿ ತಾಯಿ, ಮಗಳ ಮನಸ್ಸಲ್ಲಿ ಮಾತ್ರ ಸ್ವಲ್ಪ ಸರಿದುಕೋ ಎಂದು ಕಸ ಗುಡಿಸುವಾಗ ಒಳಗೊಳಗೇ ಕೇಳಿಕೊಂಡದ್ದೂ ಉಂಟು.

ಸಂಜೆ ಹುಡುಗಿ ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ಹಜಾರ ಬೆಣ್ಣೆ ಬಣ್ಣಕ್ಕೆ ತಿರುಗಿ, ಗೋಡೆಗಳೇ ಹಿಂದೆ ಸರಿದಂತೆ ಕಾಣುತ್ತಿತ್ತು. ಕಲೆಯೊಂದು ಮಾತ್ರ ಹೊಸ ಬಟ್ಟೆಗೆ ಹಾಕಿದ ತೇಪೆಯಂತೆ ಕಣ್ಣಿಗೆ ಹೊಡೆಯುತ್ತಿತ್ತು.

"ಇದೇನು, ಬಣ್ಣ ಸಾಲ್ಲಿಲ್ವಾ?"

"ಬಣ್ಣ ಬಕೆಟ್ ತುಂಬ ಇದೆ," ಪೇಂಟರ್ ಬ್ರಷ್ ತೊಳೆಯುತ್ತ ಅಂದ. "ನಿಮ್ಮಮ್ಮನೇ ಬೇಡ ಅಂದ್ರು, ನನ್ನ ಹೆಸರು ಕೆಡ್ಸೋಕೆ."

ಹುಡುಗಿ ಅವನನ್ನು ತಿದ್ದುತ್ತಾಳೇನೋ ಎಂದು ಅವಳು ಕಾದಳು. ಹುಡುಗಿ ತಿದ್ದಲಿಲ್ಲ, ಅವಳ ಮುಖವನ್ನೇ ನೋಡಿದಳು.

"ನಿಮ್ಮಮ್ಮ ಒರಗಿಕೊಳ್ತಿದ್ದ ಜಾಗ ಅಲ್ವಾ," ಅವಳು ತಡವರಿಸಿದಳು. "ಕೆತ್ತಿಸಿಬಿಟ್ರೆ ನಿನಗೆ ಹೇಗನ್ಸುತ್ತೋ ಅಂತ..."

"ಅಮ್ಮನದಾ?" ಹುಡುಗಿ ಕಲೆಯನ್ನು ನೋಡಿದಳು, ಅವಳನ್ನು ನೋಡಿದಳು, ಆಮೇಲೆ ಕಿಸಕ್ಕನೆ ನಕ್ಕುಬಿಟ್ಟಳು. "ಅಯ್ಯೋ, ಅದು ಅಪ್ಪನ ತಲೆ. ಡ್ಯೂಟಿ ಮುಗಿಸಿ ಬಂದ್ರೆ ಅಲ್ಲೇ ಒರಗಿ ಗೊರಕೆ ಹೊಡೀತಿದ್ರು."

"ಅವರಿಗೆಲ್ಲಿದೆ ಕೂದಲು, ಎಣ್ಣೆ ಹಚ್ಚೋಕೆ?"

"ಆಗ ಇತ್ತು. ಉದುರಬಾರದು ಅಂತ ಬಾಟ್ಲಿಗಟ್ಟಲೆ ಸುರ್ಕೊಳ್ಳೋರು. ಕೂದಲು ಹೋಯ್ತು, ಕಲೆ ಉಳೀತು."

ಪೇಂಟರ್ ಬಕೆಟ್ಟಿನೊಳಗೆ ಮುಖ ಹಾಕಿ ನಕ್ಕ. ಇಷ್ಟು ದಿನ ಗಂಡನ ಬೋಳುತಲೆಯ ಮುಂದೆ ತಗ್ಗಿಬಗ್ಗಿ ನಡೆದೆನಲ್ಲ ಎಂದು ಅವಳಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳೂ ಹುಡುಗಿಯೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

"ಹಾಗಾದ್ರೆ ನಿಮ್ಮಮ್ಮ ಎಲ್ಲಿ ಕೂರ್ತಿದ್ರು?" ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

ಹುಡುಗಿ ತೋರಿಸಲೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಕಿಟಕಿಯ ಕಡೆ ನೋಡಿದಳು. ಅಡುಗೆಮನೆಯ ಹೊಸ್ತಿಲು ನೋಡಿದಳು. ಒಳಗೆ ಹೋಗಿ ಒಲೆಯ ಪಕ್ಕ ನೋಡಿ ಬಂದಳು. ಕಳೆದುಹೋದ ಸಾಮಾನು ಹುಡುಕುವವಳಂತೆ ಎರಡು ಕೋಣೆಗಳನ್ನೂ ಸುತ್ತು ಹಾಕಿದಳು.

"ಕೂರ್ತಾನೇ ಇರಲಿಲ್ಲ," ಅಂದಳು ಕೊನೆಗೆ, ಆಗತಾನೆ ಗೊತ್ತಾದವಳಂತೆ. "ಊಟಾನೂ ಒಲೆ ಹತ್ರ ನಿಂತ್ಕೊಂಡೇ ಮಾಡೋಳು. ಅಮ್ಮ ಕೂತಿದ್ದು ನನಗೆ ಒಂದು ಸಲಾನೂ ನೆನಪಿಲ್ಲ."

ಒಂದು ಬೊಗಸೆ ಗಾರೆಗೆ ಏನು ಮಹಾ ಖರ್ಚು ಎಂದು ಗೊಣಗುತ್ತ ಪೇಂಟರ್ ತಗಡು ಹಿಡಿದು ಮೂಲೆಗೆ ಹೋದ. ಕಲೆ ಚಕ್ಕೆಚಕ್ಕೆಯಾಗಿ ಉದುರತೊಡಗಿತು. ಅವಳ ಕೈ ತಾನಾಗಿಯೇ ಪೊರಕೆಗೆ ಹೋಯಿತು.

ಹುಡುಗಿ ಅದನ್ನು ಕಸಿದುಕೊಂಡಳು. ಕುರ್ಚಿಗೆ ಹೊದಿಸಿದ್ದ ಹಳೆಯ ಪೇಪರನ್ನು ಎಳೆದೆಸೆದು, ಕುರ್ಚಿಯನ್ನು ಹಜಾರದ ನಟ್ಟನಡುವೆ ತಂದಿಟ್ಟು, ಎರಡೂ ಭುಜ ಹಿಡಿದು ಅವಳನ್ನು ಕೂರಿಸಿದಳು. ಕೂತವಳು ಒಲೆಯ ಮೇಲೇನೋ ಇಟ್ಟದ್ದು ನೆನಪಾಗಿ ಏಳಹೋದಳು.

"ಏಳ್ಬೇಡ," ಅಂದಳು ಹುಡುಗಿ, ಎದುರಿಗೆ ನೆಲದ ಮೇಲೆ ಕೂರುತ್ತ. "ನಾನು ಸ್ವಲ್ಪ ಹೊತ್ತು ನೋಡ್ಬೇಕು."