ಹೆಚ್ಚಿದೆ

"ನೀರಜಾ, ನಮ್ಮ ಎಚ್‌ಎಸ್‌ಎ ಹೆಚ್ಚಿದೆ!" ಟ್ಯಾಕ್ಸ್ ರಿಟರ್ನ್ ತುಂಬುತ್ತಿದ್ದ ಮುರಳೀಧರ ಎಂದಿನಂತೆ ಕೂಗಿ ಹೇಳಿದಾಗ, ಅಕ್ಕಿ ತೊಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಅಮೆರಿಕದ ಕಮ್ಮಿಂಗ್‌ನ ಆ ಮನೆಯಲ್ಲೂ ಅಕ್ಕಿ ಮುಗಿದರೆ ಮುಗಿಯಿತು ಎನ್ನುತ್ತಿರಲಿಲ್ಲ, ಹೆಚ್ಚಿದೆ ಎನ್ನುತ್ತಿದ್ದರು. ಚಿಕಿತ್ಸೆಗೆಂದು ಸಂಬಳದಲ್ಲಿ ಉಳಿಸಿದ ಆ ಖಾತೆಯಿಂದಲೇ ಅವಳಿಗೆ ಹಿಯರಿಂಗ್ ಏಡ್ ಬರಬೇಕಿತ್ತು.

ಅವಳ ಒದ್ದೆ ಬೆರಳು ತೀರಾ ಮಂದವಾಗಿದ್ದ ಬಲಗಿವಿಯನ್ನು ಮುಟ್ಟಿತು. "ಹೋಗ್ಲಿ ಬಿಡಿ, ಮುಂದಿನ ವರ್ಷ ತಗೊಂಡ್ರಾಯ್ತು. ನಿಮ್ಮ ಗಂಟಲು ಹೇಗೂ ಗಟ್ಟಿಯಾಗಿದೆ."

"ಅಯ್ಯೋ, ಖಾಲಿಯಾಗಿಲ್ಲ ಕಣೇ, ನಿಜವಾಗ್ಲೂ ಹೆಚ್ಚಾಗಿದೆ! ವರ್ಷಕ್ಕೆ ಇಷ್ಟೇ ಅಂತ ಸರ್ಕಾರ ಇಟ್ಟಿರೋ ಲಿಮಿಟ್ ದಾಟಿ ಹಾಕ್ಬಿಟ್ಟಿದೀನಿ. ಡೆಡ್‌ಲೈನ್ ಒಳಗೆ ಎಕ್ಸ್‌ಟ್ರಾ ದುಡ್ಡು ವಾಪಸ್ ತೆಗೆದು, ಅದಕ್ಕೂ ಟ್ಯಾಕ್ಸ್ ಕಟ್ಟಿದ್ರೆ ಸರಿಹೋಗತ್ತೆ."

"ಇಷ್ಟೆಲ್ಲ ಗೊತ್ತಿರೋರು ಯಾಕ್ರೀ ಅಷ್ಟೊಂದು ಹಾಕಿದ್ರಿ?" ಕೈ ಒರೆಸಿಕೊಳ್ಳುತ್ತಾ ನೀರಜಾ ಅವನ ಹತ್ತಿರ ಬಂದಳು.

ಮುರಳೀಧರ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಖರ್ಚು ಜಾಸ್ತಿ, ಒಂದು ಕಿವಿಗೆ ಸಾಕು ಅಂದಿದ್ಯಲ್ಲ. ನಾನು ಎರಡಕ್ಕೂ ಆಗ್ಲಿ ಅಂತ ಹಾಕ್ತಾ ಹೋದೆ," ಎಂದ. ಅವಳೊಡನೆ ಅಷ್ಟು ಮೆಲ್ಲಗೆ ಮಾತಾಡಿ ಎಷ್ಟೋ ಕಾಲವಾಗಿತ್ತು.

"ಏನಂದ್ರಿ?" ಎನ್ನುತ್ತಾ ನೀರಜಾ ಅವನ ಪಕ್ಕ ಕುಳಿತಳು. ಅವಳಿಗೆ ಕೇಳಿಸಿತ್ತು. ಇನ್ನೊಮ್ಮೆ ಕೇಳಬೇಕೆನಿಸಿತ್ತು.